ಅಪ್ಪ ಪಾಸ್ ಮಾಡಿದ ಸಿನಿಮಾ

ಮೊನ್ನೆ ಸಂಜೆ ನಾಯಂಡಹಳ್ಳಿಯಲ್ಲಿ ಮೆಟ್ರೋ ಇಳಿದು ಉಲ್ಲಾಳದ ಬಸ್ಸಿಗೆ ಕಾಯುತ್ತಿದ್ದಾಗ ಫೋನಿಗೊಂದು ಸಂದೇಶ ಬಂತು. ನಮ್ಮ ಸಭೆಯ ಸಂಡೆ ಸ್ಕೂಲ್ ನೋಡಿಕೊಳ್ಳುವ ಹುಡುಗಿಯದು. "ಅಂಕಲ್, ರಜಾ ಶಿಬಿರದ ಕೊನೇ ದಿನ ಮಕ್ಕಳಿಗೆ ಒಂದು ಸಿನಿಮಾ ತೋರಿಸ್ಬೇಕು ಅಂತಿದೀವಿ. ಕ್ಲೀನ್ ಆಗಿರೋದು ಒಂದು ಹೇಳಿ. ನಿಮ್ಮ ತಂದೆಯವರು ತುಂಬಾ ಚೆನ್ನಾಗಿ ಆರಿಸ್ತಿದ್ರಂತೆ." ಕೊನೆಯಲ್ಲೊಂದು ಕೈಮುಗಿದ ಚಿತ್ರ. ನಾವು ಕನ್ನಡದ ಕ್ರೈಸ್ತರು ಚರ್ಚಿಗೆ ಸಭೆ ಎನ್ನುತ್ತೇವೆ; ನಿಮಗೆ ಮುಂದೆ ಗೊಂದಲವಾಗದಿರಲಿ ಎಂದು ಈಗಲೇ ಹೇಳಿಬಿಡುತ್ತೇನೆ. ನಾನು ಆ ಸಂದೇಶವನ್ನು ಎರಡು ಸಲ ಓದಿದೆ. ಅಷ್ಟರಲ್ಲಿ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ.

ಅಪ್ಪ ಚೆನ್ನಾಗಿ ಆರಿಸುತ್ತಿದ್ದರು ಎನ್ನುವುದು ನಿಜ. ಅಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ದಿನವೆಲ್ಲ ಬೇರೆಯವರು ಮಾಡಿಟ್ಟ ಬಿಡಿಭಾಗಗಳನ್ನು ಅಳೆದು, ಸರಿಯಿದ್ದದ್ದನ್ನು ಒಂದು ಟ್ರೇಗೆ, ಇಲ್ಲದ್ದನ್ನು ಇನ್ನೊಂದು ಟ್ರೇಗೆ ಹಾಕುವುದು ಅವರ ಕೆಲಸ. ಮನೆಗೆ ಬಂದ ಮೇಲೂ ಆ ಕೈ ಸುಮ್ಮನಿರುತ್ತಿರಲಿಲ್ಲ. ಅಮ್ಮ ತಂದ ಬದನೆಕಾಯಿ, ನನ್ನ ಗೆಳೆಯರು, ಬಸವೇಶ್ವರನಗರದ ನಮ್ಮ ಬೀದಿಗೆ ಬರುವ ಹಾಲು, ಎಲ್ಲದಕ್ಕೂ ಪಾಸ್ ಇಲ್ಲವೇ ರಿಜೆಕ್ಟ್. ನಾನು ತಂದ ಗೆಳೆಯರಲ್ಲಿ ರಿಜೆಕ್ಟ್ ಆದವರೇ ಹೆಚ್ಚು.

ನಮ್ಮ ಮನೆಗೆ ಸಿಡಿ ಪ್ಲೇಯರ್ ಬಂದ ಮೇಲಂತೂ ಅಪ್ಪನಿಗೆ ಎರಡನೆಯ ಉದ್ಯೋಗವೇ ಸಿಕ್ಕಂತಾಯಿತು. ಶನಿವಾರ ಮಧ್ಯಾಹ್ನ ಮೊದಲ ಪಾಳಿ ಮುಗಿಸಿ ಬರುವಾಗ ವಿಜಯನಗರದ ಅಂಗಡಿಯಿಂದ ಒಂದು ಸಿನಿಮಾ ಬಾಡಿಗೆಗೆ ತರುತ್ತಿದ್ದರು. ಊಟ ಮಾಡಿ, ನಮ್ಮನ್ನೆಲ್ಲ ಹೊರಗೆ ಕಳಿಸಿ, ಬಾಗಿಲು ಹಾಕಿಕೊಂಡು, ಮಡಿಲಲ್ಲಿ ನಲವತ್ತು ಪುಟದ ನೋಟ್‌ಬುಕ್ಕು, ಒಂದು ಕೈಯಲ್ಲಿ ಪೆನ್ಸಿಲು, ಇನ್ನೊಂದರಲ್ಲಿ ರಿಮೋಟು ಹಿಡಿದು ಕೂರುತ್ತಿದ್ದರು. ಒಬ್ಬರೇ ಇಡೀ ಸಿನಿಮಾ ನೋಡುವುದು. ಎಲ್ಲಿ ಕುಡಿತ, ಎಲ್ಲಿ ಹೊಲಸು ಮಾತು, ಎಲ್ಲಿ ಅಪ್ಪ ಅಮ್ಮನಿಗೆ ಮಗ ಎದುರು ಮಾತಾಡುತ್ತಾನೆ, ಯಾವ ಹಾಡು ಎಷ್ಟನೆಯ ನಿಮಿಷದಲ್ಲಿ ಕೆಡುತ್ತದೆ, ಎಲ್ಲವೂ ಪುಸ್ತಕಕ್ಕೆ. ಭಾನುವಾರ ಆರಾಧನೆ ಮುಗಿಸಿ ಬಂದು, ಊಟವಾಗಿ, ಮೂರು ಗಂಟೆಗೆ ಸಿನಿಮಾ ಶುರು. ಅಪ್ಪನ ಹೆಬ್ಬೆರಳು ರಿಮೋಟಿನ ಮೇಲೆ. ಗುರುತು ಹಾಕಿದ ಜಾಗ ಬಂದ ಕೂಡಲೇ ನಾಯಕ ನಾಯಕಿ ಇಬ್ಬರೂ ಇರುವೆಗಳಂತೆ ಅತ್ತಿಂದಿತ್ತ ಓಡಾಡಿ ಮಾಯವಾಗುತ್ತಿದ್ದರು. ಕೆಲವು ಸಿನಿಮಾ ಒಂದು ಗಂಟೆಯಲ್ಲಿ ಮುಗಿದುಹೋಗುತ್ತಿದ್ದವು. ನನಗೆ ಬಹಳ ಇಷ್ಟವಾದ ಒಂದು ಸಿನಿಮಾದಲ್ಲಿ ಖಳನಾಯಕನೊಬ್ಬ ಇದ್ದ ಎಂದು ತಿಳಿದದ್ದು ಕಾಲೇಜು ಸೇರಿ, ಗೆಳೆಯನ ಮನೆಯಲ್ಲಿ ಅದನ್ನು ಪೂರ್ತಿ ನೋಡಿದ ಮೇಲೆ.

ಇಷ್ಟೆಲ್ಲ ಯಾಕೆ ಎಂದು ಒಮ್ಮೆ ಕೇಳಿದ್ದೆ. ಅಪ್ಪ ನೋಟ್‌ಬುಕ್ಕಿನಿಂದ ತಲೆ ಎತ್ತದೆ ಹೇಳಿದರು, "ಅದು ಮನೆಗೆ ಬರೋ ನೆಂಟ ಕಣೋ. ಬಾಗಿಲು ತೆಗೆಯೋ ಮುಂಚೆ ಯಾರು ಏನು ಅಂತ ನೋಡಬೇಡ್ವಾ?" ಅವರ ಕೊನೆಯ ಪರೀಕ್ಷೆ ಮಾತ್ರ ಪುಸ್ತಕದಲ್ಲಿ ಇರುತ್ತಿರಲಿಲ್ಲ. ಸಿನಿಮಾ ಮುಗಿದ ಮೇಲೆ ಟಿವಿ ಆರಿಸಿ, ಎಲ್ಲರೂ ಕಣ್ಣು ಮುಚ್ಚಿ ಐದು ನಿಮಿಷ ಪ್ರಾರ್ಥನೆ ಮಾಡುವುದು ನಮ್ಮಲ್ಲಿ ಪದ್ಧತಿ. ನೋಡಿದ್ದನ್ನು ನೆನೆಸಿಕೊಂಡು ದೇವರ ಮುಂದೆ ಕಣ್ಣು ಮುಚ್ಚಲು ನಾಚಿಕೆಯಾಗುವುದಾದರೆ ಅಂಥ ಸಿನಿಮಾ ನಮ್ಮ ಮನೆಗೆ ಬೇಡ, ಅಷ್ಟೇ. ಒಂದು ಸಲ ಭಕ್ತಿಯ ಸಿನಿಮಾವನ್ನೇ ರಿಜೆಕ್ಟ್ ಮಾಡಿದರು. ಸಂತನೊಬ್ಬನಿಗೆ ಚಾಟಿಯಲ್ಲಿ ಹೊಡೆಯುವುದನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೋರಿಸಿದ್ದರಂತೆ. "ಭಕ್ತಿ ಹೆಸರಲ್ಲಿ ಹೊಡೆದಾಟ ಮಾರ್ತಾರೆ," ಎಂದು ಗೊಣಗುತ್ತ ಸಿಡಿ ವಾಪಸ್ಸು ಕೊಟ್ಟುಬಂದರು.

ಭಾನುವಾರದ ಮೂರು ಗಂಟೆಗೆ ಮಹಡಿ ಮೇಲಿನ ಮನೆಯವರೂ ಇಳಿದು ಬರುತ್ತಿದ್ದರು. ಅವರೇ ನಮ್ಮ ಮನೆ ಮಾಲೀಕರು. ಒಂದು ಕಾಲಕ್ಕೆ ಅಲ್ಲೇ ಹತ್ತಿರದಲ್ಲಿ ರಾಗಿ ಬೆಳೆಯುತ್ತಿದ್ದವರು, ಬಡಾವಣೆ ಬಂದ ಮೇಲೆ ಮೂರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರು. ಆ ಮನೆಯ ಜಯಮ್ಮ ಆಂಟಿ ಒಂದು ಡಬ್ಬಿ ಚಕ್ಕುಲಿ ಹಿಡಿದು ಬಂದು ಅಮ್ಮನ ಪಕ್ಕ ಕೂರುತ್ತಿದ್ದರು. ಪ್ರಾರ್ಥನೆಯ ಹೊತ್ತಿಗೆ ಅವರೂ ಕಣ್ಣು ಮುಚ್ಚಿ, ಮುಗಿದ ಮೇಲೆ ನಮ್ಮೆಲ್ಲರಿಗಿಂತ ಜೋರಾಗಿ ಆಮೆನ್ ಎನ್ನುತ್ತಿದ್ದರು. "ಸಾರ್ ತಂದ ಸಿನಿಮಾ ಅಂದ್ರೆ ಕಣ್ಮುಚ್ಕೊಂಡು ನೋಡ್ಬೋದು," ಎನ್ನುವುದು ಅವರ ಹೊಗಳಿಕೆ.

ಈಗ ನನ್ನ ತಂಗಿಯ ವಿಷಯಕ್ಕೆ ಬರಬೇಕು. ರೂತ್ ನನಗಿಂತ ಎರಡು ವರ್ಷ ಚಿಕ್ಕವಳು. ಅವಳಿಗೆ ಉಗ್ಗು. ಅವಳ ಮಾತನ್ನು ಇಲ್ಲಿ ಬರೆಯುವಾಗ ಆ ತಡೆಗಳನ್ನು ಅಕ್ಷರದಲ್ಲಿ ತೋರಿಸುವುದಿಲ್ಲ. ಯಾಕೆಂದು ನಿಮಗೇ ತಿಳಿಯುತ್ತದೆ. ಮನೆಯಲ್ಲಿ ಅವಳು ಸಾಕಷ್ಟು ಮಾತಾಡುತ್ತಿದ್ದಳು. ಒಂದು ಪದ ಸಿಕ್ಕಿಹಾಕಿಕೊಂಡರೆ ಚಕ್ಕನೆ ಇನ್ನೊಂದಕ್ಕೆ ಹಾರುವ ಚಾಲಾಕಿತನ ಅವಳಿಗಿತ್ತು. "ತಟ್ಟೆ" ಬರದಿದ್ದರೆ "ಊಟ ಮಾಡೋದು ಕೊಡಿ" ಎನ್ನುತ್ತಿದ್ದಳು. ಸಭೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಅವಳಿಗೆ ಹನ್ನೊಂದು ವರ್ಷವಾದಾಗ, ವರ್ಷಕ್ಕೊಮ್ಮೆ ಬರುವ ಮಕ್ಕಳ ಭಾನುವಾರಕ್ಕೆ ಪಾಠ ಓದುವ ಸರದಿ ಅವಳದಾಯಿತು. ಆರಾಧನೆಯ ನಡುವೆ ಮುಂದೆ ಹೋಗಿ, ಪೀಠದ ಮೇಲಿನ ದೊಡ್ಡ ಪುಸ್ತಕದಿಂದ ಅಂದಿನ ಭಾಗವನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ನಮ್ಮ ಮಕ್ಕಳಿಗೆ ಅದು ದೊಡ್ಡವರಾಗುವ ಮೊದಲ ಮೆಟ್ಟಿಲು. ರೂತ್ ತಾನೇ ಹೆಸರು ಕೊಟ್ಟು ಬಂದಿದ್ದಳು. ಅಮ್ಮನಿಗೆ ಚಿಂತೆ ಹತ್ತಿತು. ಯಾಕೆಂದರೆ ಅಲ್ಲಿ ಪದ ಬದಲಾಯಿಸಿ ಹಾರಿಹೋಗುವ ದಾರಿಯಿಲ್ಲ, ಬರೆದದ್ದನ್ನೇ ಓದಬೇಕು. ಅದರಲ್ಲೂ ಅವಳಿಗೆ ಬಂದ ಭಾಗದ ತುಂಬ ಜನರ ಹೆಸರು, ಊರುಗಳ ಹೆಸರು.

ಅಪ್ಪ ಮೂರು ವಾರ ಅವಳಿಗೆ ಅಭ್ಯಾಸ ಮಾಡಿಸಿದರು. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಇಬ್ಬರೂ ಕೂತು ಒಂದೇ ದನಿಯಲ್ಲಿ ಓದುವುದು. ಜೊತೆಗೊಂದು ದನಿ ಇದ್ದರೆ ಅವಳಿಗೆ ತಡೆಯೇ ಬರುತ್ತಿರಲಿಲ್ಲ. ಅದು ಹೇಗೋ ನನಗೆ ಇವತ್ತಿಗೂ ಆಶ್ಚರ್ಯ. ದಿನ ಕಳೆದಂತೆ ಅಪ್ಪ ತಮ್ಮ ದನಿಯನ್ನು ಇಳಿಸುತ್ತ ಬಂದರು. ಕೊನೆಗೆ ತುಟಿ ಮಾತ್ರ ಆಡಿಸುತ್ತಿದ್ದರು, ದನಿ ಅವಳೊಬ್ಬಳದೇ.

ಇನ್ನೊಂದು ವಾರ ಉಳಿದಿತ್ತು. ಆ ಭಾನುವಾರ ಅಪ್ಪ ತಂದಿದ್ದು ಅಪರೂಪದ ಸಿನಿಮಾ. ನೋಟ್‌ಬುಕ್ಕಿನಲ್ಲಿ ಒಂದೇ ಒಂದು ಗುರುತಿಲ್ಲ. ಕುಡಿತವಿಲ್ಲ, ಹೊಡೆದಾಟವಿಲ್ಲ, ಹಾಡುಗಳಲ್ಲಿ ಎಲ್ಲರೂ ಮೈತುಂಬ ಬಟ್ಟೆ ಹಾಕಿದ್ದಾರೆ. "ಇವತ್ತು ರಿಮೋಟ್ ಬೇಡ," ಎಂದು ಅಪ್ಪ ಅದನ್ನು ಟಿವಿ ಮೇಲಿಟ್ಟು ಬಂದು ಕೂತರು. ಮಹಡಿ ಮೇಲಿನವರು ಐದು ಜನ, ನಾವು ನಾಲ್ಕು ಜನ, ಕೋಣೆ ತುಂಬಿತ್ತು.

ಅರ್ಧ ಗಂಟೆ ಕಳೆದ ಮೇಲೆ ಒಬ್ಬ ನಗೆನಟ ಬಂದ. ದಿನಸಿ ಅಂಗಡಿಯ ಮುಂದೆ ನಿಂತು ತೆಂಗಿನಕಾಯಿ ಕೇಳಬೇಕು, ಅವನಿಗೆ ಉಗ್ಗು. ತೆ, ತೆ ಎಂದು ಅವನು ಒದ್ದಾಡುತ್ತಿದ್ದರೆ ಅಂಗಡಿಯವನು ತೆ ಅಕ್ಷರದಿಂದ ಶುರುವಾಗುವ ವಸ್ತುಗಳನ್ನೆಲ್ಲ ಒಂದೊಂದಾಗಿ ಮುಂದಿಡುತ್ತಾನೆ. ಕೋಣೆಯಲ್ಲಿ ನಗುವೋ ನಗು. ಜಯಮ್ಮ ಆಂಟಿ ಚಕ್ಕುಲಿ ಡಬ್ಬಿ ಹಿಡಿದುಕೊಂಡು ನಕ್ಕರು. ನಾನು ಹೊಟ್ಟೆ ಹಿಡಿದುಕೊಂಡು, ನೆಲಕ್ಕೆ ಒರಗಿ ನಕ್ಕೆ. ಆಗ ರೂತ್ ಎದ್ದು ಹಿತ್ತಲಿಗೆ ಹೋದಳು. ಅಮ್ಮ ಅವಳ ಹಿಂದೆಯೇ ಓಡಿದರು. ಅಪ್ಪ ಎದ್ದು, ರಿಮೋಟು ಕೈಗೆತ್ತಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ, ಗೋಡೆಯ ಸ್ವಿಚ್ಚನ್ನೇ ಆರಿಸಿಬಿಟ್ಟರು.

"ಯಾಕ್ ಸಾರ್ ಆರಿಸ್ಬಿಟ್ರಿ? ಚೆನ್ನಾಗಿತ್ತಲ್ಲ!" ಎಂದರು ಜಯಮ್ಮ ಆಂಟಿ. ಅವರಿಗಿನ್ನೂ ಹೊಳೆದಿರಲಿಲ್ಲ.

ಅಪ್ಪ ಆರಿದ ಟಿವಿಯ ಪಕ್ಕದಲ್ಲಿ ನಿಂತೇ ಇದ್ದರು. "ತಪ್ಪು ನಂದು ಜಯಮ್ಮನೋರೇ. ನಿನ್ನೆ ಇದನ್ನ ಎರಡು ಸಲ ನೋಡಿದೆ. ಎರಡು ಸಲಾನೂ ಇದೇ ಜಾಗದಲ್ಲಿ ನಕ್ಕೆ. ಮನೇಲಿ ನನ್ನ ಮಗಳಿದಾಳೆ ಅನ್ನೋದು ನನಗೆ ನೆನಪೇ ಆಗ್ಲಿಲ್ಲ."

ಆ ಮಾತನ್ನು ಅವರು ಹೇಳಬೇಕಾಗಿರಲಿಲ್ಲ. ಕರೆಂಟು ಹೋಯಿತು ಎಂದಿದ್ದರೂ ನಡೆಯುತ್ತಿತ್ತು, ಸಿಡಿ ಕೆಟ್ಟಿದೆ ಎಂದರೂ ನಡೆಯುತ್ತಿತ್ತು. ಬಾಡಿಗೆ ಮನೆಯ ಮಾಲೀಕರ ಮುಂದೆ, ಹದಿಮೂರು ವರ್ಷದ ಮಗನ ಮುಂದೆ, ಇಡೀ ಬೀದಿಗೆ ಒಳ್ಳೆಯದು ಕೆಟ್ಟದ್ದು ಹೇಳುತ್ತಿದ್ದ ಮನುಷ್ಯ ಹಾಗೆ ನಿಂತು ಹೇಳಿದ್ದನ್ನು ನಾನು ಬಾಯಿ ತೆರೆದುಕೊಂಡು ನೋಡಿದೆ. ಅವತ್ತು ಪ್ರಾರ್ಥನೆ ನಡೆಯಲಿಲ್ಲ. ಎಲ್ಲರೂ ಸದ್ದಿಲ್ಲದೆ ಎದ್ದು ಹೋದರು.

ಆಮೇಲೆ ಅಪ್ಪ ಹಿತ್ತಲಿಗೆ ಹೋಗಿ ಅವಳ ಪಕ್ಕ ಒಗೆಯುವ ಕಲ್ಲಿನ ಮೇಲೆ ಕೂತರು. ನಾನು ಅಡುಗೆಮನೆಯ ಕಿಟಕಿಯ ಹಿಂದೆ ನಿಂತಿದ್ದೆ. ಕದ್ದು ಕೇಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿತ್ತು.

"ನನ್ನ ಕ್ಷಮಿಸಮ್ಮ," ಎಂದರು ಅಪ್ಪ.

"ನಾನು ಭಾನುವಾರ ಓದಲ್ಲ," ಎಂದಳು ರೂತ್. ಅಪ್ಪ ಆಗಲಿ ಎಂದರು. ಅವಳೇ ಮತ್ತೆ ಕೇಳಿದಳು, "ನಾನು ಅಲ್ಲಿ ನಿಂತು ತಡವರಿಸಿದ್ರೆ ಸಭೇಲೂ ನಗ್ತಾರಾ?"

ಯಾವ ಅಪ್ಪನಾದರೂ ಇಲ್ಲಮ್ಮ ಎನ್ನುತ್ತಿದ್ದ. ಈಗ ಇಬ್ಬರು ಮಕ್ಕಳ ತಂದೆಯಾದ ನಾನಾದರೆ ಖಂಡಿತ ಹಾಗೆಯೇ ಹೇಳುತ್ತೇನೆ. ಅಪ್ಪ ಹಾಗೆ ಹೇಳಲಿಲ್ಲ. "ಗೊತ್ತಿಲ್ಲಮ್ಮ. ನಗಬಹುದು. ನಾನೇ ನಕ್ಕಿದೀನಲ್ಲ," ಎಂದರು. ಸಮಾಧಾನಕ್ಕೂ ಒಂದು ಸುಳ್ಳು ಹೇಳದ ಆ ಮನುಷ್ಯನನ್ನು ಕಂಡು ನನಗೆ ಭಯವೇ ಆಯಿತು.

ವಾರವಿಡೀ ಮನೆಯಲ್ಲಿ ಯಾರೂ ಪಾಠದ ಮಾತೆತ್ತಲಿಲ್ಲ. ಶುಕ್ರವಾರ ಸಂಜೆ ಹಿತ್ತಲಿನಿಂದ ಅವಳ ದನಿ ಕೇಳಿಸಿತು. ಒಬ್ಬಳೇ ಓದಿಕೊಳ್ಳುತ್ತಿದ್ದಳು, ತಡೆತಡೆದು. ಅಪ್ಪ ಹೋಗಲು ಎದ್ದವರು ಮತ್ತೆ ಕೂತುಬಿಟ್ಟರು. ಒಳಗೆ ಬಂದು ಅವಳು ಹೇಳಿದ್ದು ಒಂದೇ ಮಾತು: "ನಾನು ನಿಂತುಬಿಟ್ರೆ ಯಾರೂ ಪದ ಎತ್ತಿಕೊಡಬೇಡಿ."

ಭಾನುವಾರ ಅವಳು ಮುಂದೆ ಹೋದಳು. ಎತ್ತರ ಸಾಲದೆ ಒಂದು ಮಣೆಯ ಮೇಲೆ ನಿಂತಳು. ಮೊದಲ ಸಾಲು ಸಲೀಸಾಗಿ ಹೋಯಿತು. ಎರಡನೆಯ ಸಾಲಿನ ಒಂದು ಹೆಸರಿನ ಮುಂದೆ ನಿಂತುಬಿಟ್ಟಳು. ತುಟಿ ಕೂಡಿಕೊಂಡಿದೆ, ಕತ್ತಿನ ನರ ಉಬ್ಬಿದೆ, ಶಬ್ದ ಬರುತ್ತಿಲ್ಲ. ನಮ್ಮ ಸಭೆಯಲ್ಲಿ ಯಾರಾದರೂ ತಡವರಿಸಿದರೆ ಹತ್ತು ಜನ ಒಟ್ಟಿಗೆ ಎತ್ತಿಕೊಡುವುದು ರೂಢಿ. ಪಕ್ಕದಲ್ಲಿದ್ದ ಅಯ್ಯನವರು, ಎಂದರೆ ನಮ್ಮ ಪಾದ್ರಿಗಳು, ಪ್ರೀತಿಯಿಂದಲೇ ಬಾಯಿ ತೆರೆದರು. ಅಪ್ಪ ಕೂತಲ್ಲಿಂದಲೇ ಅಂಗೈ ಎತ್ತಿ ಹಿಡಿದರು. ಅಯ್ಯನವರ ಬಾಯಿ ಮುಚ್ಚಿಕೊಂಡಿತು. ಆ ಕೈ ಆಮೇಲೆ ಇಳಿಯಲೇ ಇಲ್ಲ.

ಅವಳು ಆ ಹೆಸರನ್ನು ಹೇಳಿದಳು. ಮುಂದಿನ ಹೆಸರನ್ನೂ ಹೇಳಿದಳು. ಐದು ನಿಮಿಷದ ಪಾಠ ಎಷ್ಟು ಹೊತ್ತು ನಡೆಯಿತೋ ತಿಳಿಯದು. ಒಬ್ಬರೂ ನಗಲಿಲ್ಲ, ಕೆಮ್ಮಲೂ ಇಲ್ಲ. ನಾನು ಸಭೆಗೆ ಹುಟ್ಟಿದಾಗಿನಿಂದ ಹೋಗುತ್ತಿದ್ದೇನೆ, ಅಯ್ಯನವರುಗಳ ಎಷ್ಟೋ ದೊಡ್ಡ ದೊಡ್ಡ ಪ್ರಸಂಗ ಕೇಳಿದ್ದೇನೆ. ದೇವರ ಮುಂದೆ ಕೂತಿದ್ದೇನೆ ಎಂದು ನನಗೆ ನಿಜವಾಗಿ ಅನ್ನಿಸಿದ್ದು ಆ ಒಂದು ದಿನ. ಹೊರಗೆ ಬರುವಾಗ ಹಿಂದಿನ ಬೆಂಚಿನ ಹತ್ತಿರ ತಲೆತುಂಬ ಕನಕಾಂಬರ ಮುಡಿದು ಜಯಮ್ಮ ಆಂಟಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. "ನಮ್ಮ ಮಗು ಓದೋದು ಕೇಳೋಕೆ ಬಂದೆ," ಎಂದರು.

ಮುಂದಿನ ಶನಿವಾರ ಅಪ್ಪ ಮತ್ತೆ ಸಿನಿಮಾ ತಂದರು. ನೋಟ್‌ಬುಕ್ಕಿನಲ್ಲಿ ಮಾತ್ರ ಮೊದಲ ಪುಟಕ್ಕೆ ನಾಳೆ ನೋಡಲು ಬರುವವರ ಹೆಸರುಗಳನ್ನು ಬರೆದರು: ರೂತ್, ಜಯಮ್ಮನವರು, ಅವರ ವಿಧವೆ ಅತ್ತೆ, ನಾನು. ಆಮೇಲೆ ಪ್ಲೇಯರ್ ಹಾಕಿದರು. ತಾವು ನಕ್ಕ ಜಾಗಕ್ಕೆಲ್ಲ ಗುರುತು ಹಾಕಿಕೊಂಡು, ಆ ಹೆಸರುಗಳ ಮೇಲೆ ಒಂದು ಸಲ ಪೆನ್ಸಿಲ್ ಆಡಿಸುತ್ತಿದ್ದರು. ಅವರು ತೀರಿಕೊಳ್ಳುವವರೆಗೂ ಆರಿಸಿದ್ದು ಹಾಗೆಯೇ.

ಇಷ್ಟನ್ನೂ ನೆನೆಸಿಕೊಳ್ಳುತ್ತ ಎರಡನೆಯ ಬಸ್ಸನ್ನೂ ಬಿಟ್ಟೆ. ಸಂಡೆ ಸ್ಕೂಲಿನ ಹುಡುಗಿಗೆ ಸಿನಿಮಾದ ಹೆಸರು ಕಳಿಸಲಿಲ್ಲ. ಶಿಬಿರಕ್ಕೆ ಬರುವ ಮಕ್ಕಳ ಹೆಸರು ಕಳಿಸಮ್ಮ ಎಂದು ಕೇಳಿದೆ. ಆಮೇಲೆ ರೂತ್‌ಗೆ ಫೋನ್ ಮಾಡಿದೆ. ಅವಳೂ ಅವಳ ಗಂಡನೂ ಕೆಂಗೇರಿಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾರೆ. ನನ್ನ ನಾಲಿಗೆಗೇ ಹೊರಳದ ಹೆಸರುಗಳನ್ನು ಅವಳು ದಿನವೆಲ್ಲ ಹೇಳುತ್ತಾಳೆ, ತನಗೆ ಬೇಕಾದಷ್ಟು ಹೊತ್ತು ತೆಗೆದುಕೊಂಡು.

ಇಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದನ್ನು ಬಸ್ ಸ್ಟಾಪಿನ ಗಲಾಟೆಯಲ್ಲೇ ಹೇಳಿದೆ. "ರೂತ್, ಅವತ್ತು ಆ ಸಿನಿಮಾ ನೋಡುವಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ನಾನು ಕಣೇ. ಅಪ್ಪ ಕ್ಷಮೆ ಕೇಳಿದ್ರು. ನಾನು ಕೇಳಲೇ ಇಲ್ಲ."

ಆ ಕಡೆ ಒಂದು ತಡೆ ಬಂತು. ನಾನು ಎತ್ತಿಕೊಡದೆ ಕಾದೆ.

"ಗೊತ್ತು ಅಣ್ಣ," ಎಂದಳು. "ಆದ್ರೆ ಮೊದಲು ನಕ್ಕಿದ್ದು ನಾನು. ನೀವೆಲ್ಲ ಆಮೇಲೆ. ನನ್ನ ನಗು ನನಗೇ ಕೇಳಿಸ್ತಲ್ಲ, ಅದಕ್ಕೇ ಎದ್ದು ಹೋಗಿದ್ದು."

ಮೂರನೆಯ ಬಸ್ಸು ಬಂದು ನಿಂತಿತು. "ಶನಿವಾರ ಮಧ್ಯಾಹ್ನ ಮನೆಗೆ ಬರ್ತೀಯಾ?" ಎಂದೆ. "ಮಕ್ಕಳಿಗೆ ಒಂದು ಸಿನಿಮಾ ಆರಿಸ್ಬೇಕು. ನೀನು ಸಿನಿಮಾ ನೋಡಬೇಡ. ನಾನು ಎಲ್ಲೆಲ್ಲಿ ನಗ್ತೀನಿ ನೋಡು."