ಅಗಸೆ ಹೂವಿನ ಕಾರು

ಪೇಂಟರ್ ಕಾಕಾರ ಎಡಗೈ ಹೆಬ್ಬೆರಳಿನ ಉಗುರು ದಿನಕ್ಕೊಂದು ಬಣ್ಣದಲ್ಲಿರುತ್ತಿತ್ತು. ಕಾರಿಗೆಂದು ಕಲಸಿದ ಬಣ್ಣದ ಮೊದಲ ಹನಿ ಬೀಳುತ್ತಿದ್ದುದು ಆ ಉಗುರಿನ ಮೇಲೆ. ಶೆಡ್ಡಿನಿಂದ ಗಲ್ಲಿಗೆ ಬಂದು, ಬಿಸಿಲಿಗೆ ಹೆಬ್ಬೆರಳು ಚಾಚಿ, ಕತ್ತು ಓರೆ ಮಾಡಿ ನೋಡುವರು. ಮನಸ್ಸಿಗೆ ಬರದಿದ್ದರೆ ಥಿನ್ನರಿನ ಬಟ್ಟೆಯಲ್ಲಿ ಒರೆಸಿಕೊಂಡು ಒಳಗೆ ಹೋಗುವರು. ಯಾವ ಕಾರಿಗೆ ಕೆಲಸ ನಡೆದಿದೆ ಎಂದು ಸೇಠ್ ಕೇಳಿದರೆ ನಾನು ಆ ಉಗುರು ನೋಡಿ ಹೇಳುತ್ತಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳವು. ಮುಂಬೈಯ ಗ್ರಾಂಟ್ ರೋಡಿನಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುವ ಸೇಠ್ ಒಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಪತ್ರಿಕೆಗಳಿಗೆ ಕಳಿಸುವ ಮಾರಾಟದ ಜಾಹೀರಾತು ಬರೆಯುವುದೂ ನನ್ನ ಕೆಲಸವೇ. ಹಿಂದಿನ ಶೆಡ್ಡಿನಲ್ಲಿ ಪೇಂಟರ್ ಕಾಕಾ. ಅಲ್ಲಿ ಕನ್ನಡದವರೆಂದರೆ ನಾವಿಬ್ಬರೇ. ಅವರು ಗದಗಿನ ಕಡೆಯವರು, ನಾನು ಮೈಸೂರಿನವಳು. ವಯಸ್ಸಿನಲ್ಲಿ ಮಗಳಂತಿದ್ದ ನನ್ನನ್ನು ಅವರು ‘ಅಕ್ಕಾರ’ ಎಂದು ಕರೆಯುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿದಾಗ ತಮ್ಮ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮುಚ್ಚಳಕ್ಕೆ ಹಾಕಿ, ಮೈಸೂರಿನವರಿಗೆ ಜೋಳ ಅಂಗಡಿಯಲ್ಲಿ ಬೆಳೆಯುತ್ತದೆಂದು ಛೇಡಿಸುತ್ತಿದ್ದರು. ನನಗೆ ಹೊಲದ ಗಂಧಗಾಳಿ ಇಲ್ಲ ಎಂಬುದು ಅವರ ನಿತ್ಯದ ತಮಾಷೆ. ನಾನು ನಗುತ್ತಿದ್ದೆ, ಆದರೆ ಒಳಗೊಳಗೇ ಚುಚ್ಚುತ್ತಿತ್ತು. ಆಗ ನನಗೆ ಇಪ್ಪತ್ತೆರಡು ವರ್ಷ, ಜಂಬಕ್ಕೇನೂ ಕೊರತೆ ಇರಲಿಲ್ಲ.

ಒಂದು ದಿನ ಸೇಠ್ ಆ ಕಾರು ತಂದರು. ಇಟಲಿಯದು, ಎರಡೇ ಸೀಟು, ಸೊಂಟಕ್ಕೂ ಬಾರದ ಎತ್ತರ. ತಿರುಗಿಸುವುದು, ನಿಲ್ಲಿಸುವುದು, ಗೇರು ಹಾಕುವುದು ಎಲ್ಲವೂ ರಟ್ಟೆಯ ಬಲದಲ್ಲೇ ಆಗಬೇಕು. ಎಂಜಿನ್ನನ್ನು ಶ್ರುತಿ ಮಾಡಲು ಬಂದ ಮುದಿ ಮೆಕ್ಯಾನಿಕ್ ಕಣ್ಣು ಮುಚ್ಚಿ ಕಿವಿಗೊಟ್ಟೇ ಸ್ಕ್ರೂ ತಿರುಗಿಸಿದ. ಮುಂಬೈಯಲ್ಲಿ ಅಂಥದ್ದು ಅದೊಂದೇ ಎಂದು ಸೇಠ್ ಹೇಳಿಕೊಳ್ಳುತ್ತಿದ್ದರು. ಸಮುದ್ರದ ಗಾಳಿಗೆ ಅದರ ಕೆಂಪು ಬಣ್ಣ ಮಾತ್ರ ಎದ್ದುಹೋಗಿತ್ತು. ಜನ ನಿಂತು ನೋಡುವ ಯಾವ ಬಣ್ಣವಾದರೂ ಸರಿ ಎಂದು ಅವರು ಕಾಕಾಗೆ ಬಿಟ್ಟುಬಿಟ್ಟರು.

ಮೂವತ್ತು ವರ್ಷ ಬೇರೆಯವರು ಹೇಳಿದ ಬಣ್ಣವನ್ನೇ ಬಳಿದಿದ್ದ ಮನುಷ್ಯ. ಮೊದಲ ಸಲ ತನ್ನ ಇಷ್ಟಕ್ಕೆ ಸಿಕ್ಕಿದ ಕಾರು. ಅಗಸೆ ಹೂವಿನ ಬಣ್ಣ ಹಚ್ಚುತ್ತೇನೆ ಎಂದರು. ಊರಿನ ಮನೆಯ ಮುಂದೆಯೇ ಅಗಸೆ ಹೊಲವಂತೆ. ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಉದುರುವ ನೀಲಿ ಹೂವಂತೆ. ಹಬ್ಬಕ್ಕೆಂದು ವರ್ಷಕ್ಕೊಮ್ಮೆ ಊರಿಗೆ ಹೋಗುವ ಕಾಕಾಗೆ ಆ ಹೂವಿನ ಕಾಲ ಎಷ್ಟೋ ವರ್ಷದಿಂದ ತಪ್ಪಿಹೋಗಿತ್ತು.

ಎರಡು ತಿಂಗಳು ಉಗುರು ನೀಲಿಯಾಗಿಯೇ ಇತ್ತು. ತಗ್ಗುಗಳಿಗೆ ಪುಟ್ಟಿ ಮೆತ್ತಿದರು, ಉಜ್ಜಿದರು, ಬಣ್ಣ ಹೊಡೆದರು, ಮತ್ತೆ ಉಜ್ಜಿ ಮತ್ತೆ ಹೊಡೆದರು. ಕೊನೆಗೊಂದು ಬೆಳಿಗ್ಗೆ ನನ್ನನ್ನು ಕರೆದು ಕಾರಿನ ಮುಂದೆ ನಿಲ್ಲಿಸಿದರು. ನೇರಳೆಗೆ ತಿರುಗಿದ ಕಡುನೀಲಿ. ನಾನು ಅಂಥ ಬಣ್ಣವನ್ನೇ ಕಂಡಿರಲಿಲ್ಲ.

“ಅಗಸಿ ಹೂ ನೋಡೀರಿಲ್ರಿ ಅಕ್ಕಾರ? ಹಾಂಗ ಆಗೇತಿಲ್ಲ?”

ನೋಡಿಲ್ಲ ಎಂದರೆ ಮತ್ತೆ ಮೈಸೂರಿನ ಜೋಳದ ಕಥೆ ಶುರುವಾಗುತ್ತದೆ ಎನಿಸಿತು. “ಹೌದು ಕಾಕಾ, ಹಂಗೇ ಇದೆ” ಎಂದೆ. ಅವರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು. ಆ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಒಳ್ಳೆಯ ಕೆಲಸ ಮಾಡಿದೆನೆಂದೇ ಅನಿಸಿತು. ಕಾರು ವಾರದೊಳಗೆ ಮಾರಿಹೋಯಿತು.

ಮರುವರ್ಷ ಬಿಳಿ ಕಾರೊಂದಕ್ಕೆ ಅವರು ಬಳಿದ ಬಾಗಿಲು ಬಿಸಿಲಲ್ಲಿ ನೀಲಿಯಾಗಿ ಕಂಡಿತು. ಗಿರಾಕಿ ಕೂಗಾಡಿದ. ಸೇಠ್ ಕಾಕಾರನ್ನು ಕೆಲಸದಿಂದ ಬಿಡಿಸಿದರು. ನಾನೇ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಅದೂ ಈಚಿನದಲ್ಲ. ಪೊರೆ ಬಂದವರಿಗೆ ಎಲ್ಲವೂ ಹಳದಿಗಟ್ಟಿ ನೀಲಿ ಮಂಕಾಗಿ ಕಾಣುತ್ತದೆ, ಅದಕ್ಕೇ ನೀಲಿ ಹೆಚ್ಚು ಬೆರೆಸಿದ್ದಾರೆ ಎಂದು ಡಾಕ್ಟರು ವಿವರಿಸುವಾಗ ನನಗೆ ಆ ಕಾರಿನ ನೆನಪಾಯಿತು. ಕಾಕಾಗೂ ಆಗಿರಬೇಕು. ಲೋಕಲ್‌ನಲ್ಲಿ ಸಾಂತಾಕ್ರೂಜ್‌ವರೆಗೆ ಒಟ್ಟಿಗೇ ಬಂದೆವು. ಇಳಿಯುವಾಗ ಅವರು, ನೀವು ನೋಡಿ ಹೇಳಿದ್ದೀರಲ್ಲ, ಆ ಕಾರು ಸರಿಯೇ ಇರಬೇಕು ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಆಪರೇಷನ್ ಆಗಿ ದಪ್ಪ ಕನ್ನಡಕ ಬಂತು. ಅದನ್ನು ತೋರಿಸಲು ಅವರು ಆಫೀಸಿಗೆ ಬಂದ ದಿನವೇ, ನನ್ನ ಗ್ರಹಚಾರ, ಆ ಕಾರು ಅಂಗಳದಲ್ಲಿ ನಿಂತಿತ್ತು. ಕೊಂಡವನು ಮರಳಿ ಮಾರಾಟಕ್ಕೆ ತಂದಿದ್ದ. ಕಾಕಾ ಅದರ ಸುತ್ತ ಒಂದು ಸುತ್ತು ಬಂದರು. ಬಾಗಿಲ ಮೇಲೆ ಹೆಬ್ಬೆರಳಿಟ್ಟು ನೋಡಿದರು. ಉಗುರಿನಲ್ಲಿ ಯಾವ ಬಣ್ಣವೂ ಇರಲಿಲ್ಲ.

“ಇದು ಅಗಸಿ ಹೂ ಅಲ್ರಿ ಅಕ್ಕಾರ. ನೀವು ಹೌದಂದಿದ್ರಿ.”

ನಾನು ಆ ಹೂವನ್ನು ನೋಡಿಯೇ ಇಲ್ಲ ಎಂದು ಹೇಳದೆ ತಲೆ ತಗ್ಗಿಸಿದೆ. ಅವರಿಗೆ ಅದರಿಂದಲೇ ಎಷ್ಟು ತಿಳಿಯಿತೋ ಗೊತ್ತಿಲ್ಲ.

ಕಾಕಾ ನೇರ ಸೇಠ್ ಬಳಿ ಹೋಗಿ, ಕೂಲಿ ಬೇಡ, ಹದಿನೈದು ದಿನ ಕಾರು ಕೊಡಿ, ಈಗ ಕಣ್ಣು ಬಂದಿದೆ ಎಂದು ಕೈ ಮುಗಿದರು. ಸೇಠ್ ನಕ್ಕರು. “ಪಾಗಲ್ ಹೋ ಕ್ಯಾ? ಗಾಡಿ ರಂಗ್ ಪೇ ಹೀ ಬಿಕ್ ರಹೀ ಹೈ” ಎಂದು, ಆ ಬಣ್ಣದಿಂದಲೇ ಗಾಡಿ ಮಾರಿಹೋಗುತ್ತದೆಂದು ಅವರಿಗೆ ಮನಗಾಣಿಸಲು ಜಾಹೀರಾತು ಓದಿ ಹೇಳುವಂತೆ ನನಗೆ ಸನ್ನೆ ಮಾಡಿದರು. ನಾನು ಟೈಪ್ ಮಾಡಿದ್ದ ಹಾಳೆಯಲ್ಲಿ, ಇಂಥ ಬಣ್ಣದ ಕಾರು ಇಡೀ ದೇಶದಲ್ಲಿ ಇನ್ನೊಂದಿಲ್ಲ ಎಂದಿತ್ತು. ಓದಿದೆ. ಕಾಕಾ ಪೂರ್ತಿ ಕೇಳಿಸಿಕೊಂಡು, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಹೊರಟುಹೋದರು. ತಿಂಗಳೊಳಗೆ ದೆಹಲಿಯ ಒಬ್ಬರು ಕಾರನ್ನು ಲಾರಿಯ ಮೇಲೆ ಒಯ್ದರು.

ಆಮೇಲೆ ಕಾಕಾ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್ ಆದರು. ಬಣ್ಣದ ಹೊಗೆ ಕುಡಿದ ಎದೆ ಕೆಮ್ಮಿ ಕೆಮ್ಮಿ ಸೋತಿತ್ತು. ನೋಡಲು ಹೋದಾಗಲೆಲ್ಲ ಮನೆಮಂದಿಯನ್ನು ವಿಚಾರಿಸಿ ಚಹಾ ತರಿಸುವರು. ಕಾರಿನ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಇವತ್ತು ಹೇಳೋಣ ಎಂದುಕೊಂಡೇ ಹೋಗಿ ಹಾಗೆಯೇ ಮರಳುತ್ತಿದ್ದೆ. ತೊಂಬತ್ತರ ಆಚೀಚೆ, ದೀಪಾವಳಿ ಕಳೆದ ಮೇಲೆ ಅವರು ತೀರಿಕೊಂಡರು.

ಎರಡು ತಿಂಗಳ ನಂತರ ಅವರ ಟ್ರಂಕನ್ನು ಊರಿಗೆ ಮುಟ್ಟಿಸಲು ನಾನು, ನನ್ನ ಗಂಡ ಹೋದೆವು. ಬೆಳಗಿನ ಜಾವ ತಲುಪಿದಾಗ ಕಾಕಾರ ಹೆಂಡತಿ ಕಾಕೂ ಬಾಗಿಲಲ್ಲೇ ಕೂತಿದ್ದರು. ಬೆಳಕು ಹರಿದಂತೆ ಮನೆಯೆದುರಿನ ಹೊಲ ಕಾಣಿಸಿತು. ತಿಳಿನೀಲಿ. ನೂರು ಸಲ ಒಗೆದು ಮೆತ್ತಗಾದ ಸೀರೆಯಷ್ಟು ತಿಳಿ. ಅದಕ್ಕೂ ಆ ಕಾರಿಗೂ ಏನೇನೂ ಸಂಬಂಧವಿರಲಿಲ್ಲ. ಹೂ ನೋಡಿಲ್ಲ ಎಂದು ಅವತ್ತೇ ಅಂದಿದ್ದರೆ, ಅವರು ತಮ್ಮ ಊರ ಕಡೆಯ ಯಾರನ್ನಾದರೂ ಕರೆಸಿ ಕೇಳುತ್ತಿದ್ದರು, ಕಣ್ಣಿನ ಸಂಗತಿಯೂ ಅಂದೇ ತಿಳಿಯುತ್ತಿತ್ತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ.

ಗಂಡ ಹೋದ ದುಃಖದಲ್ಲಿದ್ದ ಆ ತಾಯಿಯೇ ನನ್ನ ಬೆನ್ನು ಸವರಿದರು. ಆಮೇಲೆ ನನ್ನ ಕಣ್ಣು ಎತ್ತ ನೆಟ್ಟಿದೆ ಎಂದು ನೋಡಿ ಕೇಳಿದರು. “ಅಗಸಿ ಹೂ ಮೊದಲ ನೋಡಿದ್ರೇನ್ರಿ?”

“ಇಲ್ಲ” ಎಂದೆ. “ನೋಡಿಯೇ ಇರಲಿಲ್ಲ.”