ದೊಡ್ಡ ದನಿಯ ನೀಲಕ್ಕ

ನೀಲಕ್ಕ ಪೇಪರು ಓದಿದರೆ ಬಸ್ ಸ್ಟ್ಯಾಂಡಿನ ತನಕ ಕೇಳುತ್ತಿತ್ತು. 'ಮೌನವಾಗಿರಿ' ಅನ್ನುವ ಹಲಗೆ ನಮ್ಮೂರ ಗ್ರಂಥಾಲಯದಲ್ಲೂ ಇತ್ತು. ಅದರ ಮೊಳೆಗೆ ಆಕೆ ತನ್ನ ಚೀಲ ತೂಗುಹಾಕುತ್ತಿದ್ದಳು. ನಾನು ಹಿಂದಿನ ಮೂಲೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುತ್ತ ಕಿವಿ ಮುಚ್ಚಿಕೊಂಡು ಕೂಡುತ್ತಿದ್ದೆ. "ಅಕ್ಕಾ, ಜರಾ ಸಣ್ಣಗ ಓದ್ರಿ" ಅಂದರೆ, "ಮುಂದ ಕುಂತ ಹಿರ್ಯಾರ ಕಿವಿ ಮಂದ ಅದಾವ. ನಿನಗ ಬ್ಯಾಡಂದ್ರ ಮನ್ಯಾಗ ಓದಕೋ, ತಂಗಿ" ಅನ್ನುವಳು. ಮನೆಯಲ್ಲಿ ದಿನವಿಡೀ ಟಿ.ವಿ. ಗದ್ದಲ. ಸುಮ್ಮನೆ ಗ್ರಂಥಾಲಯದಲ್ಲೇ ಕೂಡುತ್ತಿದ್ದೆ.

ಕಟಕೋಳದ ಕಡೆಯ ನಮ್ಮ ಊರಿಗೆ ನವಿಲುತೀರ್ಥ ಅಣೆಕಟ್ಟಿನ ಕಾಲುವೆಯೇ ಜೀವ. ಹಿಂದೊಮ್ಮೆ ಕಾಲುವೆಗೆ ನೀರು ನಿಲ್ಲಿಸುವ ಸುದ್ದಿ ಪೇಪರಿನಲ್ಲಿ ಬಂದಿತ್ತು. ಪೇಪರು ಚಹಾದ ಅಂಗಡಿಯಲ್ಲೇ ಬಿದ್ದಿತ್ತು, ಓದಬಲ್ಲವರು ಯಾರೂ ಅಂದು ಅತ್ತ ಹಾಯಲಿಲ್ಲ. ಗೋವಿನಜೋಳ ತೆನೆಯಲ್ಲೇ ಒಣಗಿತು. ಆ ವರ್ಷ ಓದು ಬಾರದ ಹಿರಿಯರೇ ಕಲ್ಲು ಹೊತ್ತು ಈ ಗ್ರಂಥಾಲಯದ ಕೋಣೆ ಕಟ್ಟಿದರು, ಸಾಲಿ ಕಲಿತ ನೀಲಕ್ಕನನ್ನು ತಂದು ಕೂಡಿಸಿದರು. ಈಗ ಮೊಬೈಲಿನಲ್ಲಿ ಎಲ್ಲ ಬರುತ್ತದೆ ನಿಜ, ಅದರಲ್ಲಿ ಅರ್ಧ ಸುಳ್ಳು. "ನೀಲಕ್ಕ ಓದ್ಯಾಳೇನು?" ಅಂತ ಕೇಳಿದ ಮೇಲೇ ನಮ್ಮವರು ಹೊಲಕ್ಕೆ ಹೊರಡುತ್ತಿದ್ದರು.

ಆಮೇಲೆ ಪಂಚಾಯ್ತಿಯವರ ಕಣ್ಣು ಆ ಕೋಣೆಯ ಮೇಲೆ ಬಿತ್ತು. ಓದುಗರೇ ಇಲ್ಲ, ಗೋದಾಮು ಮಾಡೋಣ ಅಂದರು. ನೋಡಿಕೊಂಡು ಹೋಗಲು ರಾಮದುರ್ಗದಿಂದ ಸಾಹೇಬರೊಬ್ಬರು ಬರುವುದಿತ್ತು. ಊರವರು ಒಂದು ಹಿಕಮತ್ತು ಹೂಡಿದರು: ಅಂದು ಎಲ್ಲರೂ ಪುಸ್ತಕ ಹಿಡಿದು ಓದುವವರ ಹಾಗೆ ಕೂಡುವುದು, ನೀಲಕ್ಕ ಬಾಯಿ ಬಿಡಬಾರದು. "ಒಂದ ತಾಸಿನ ಮಾತು, ನೀಲವ್ವಾ. ತಡಕೋ" ಅಂದ ಮುಂದಿನ ಸಾಲಿನ ಗಂಗಪ್ಪ ಕಾಕಾ. ಆಕೆಗೆ ಮನಸ್ಸಿರಲಿಲ್ಲ. ಕೋಣೆ ಉಳಿಯಬೇಕಲ್ಲ, ಹೂಂ ಅಂದಳು.

ಸಾಹೇಬರು ಬಂದು ನಡುವಿನ ಕುರ್ಚಿಯಲ್ಲಿ ಕೂತರು. ಅಷ್ಟು ಮಂದಿ ಕೂತ ಕೋಣೆಯಲ್ಲಿ ಫ್ಯಾನಿನ ಸಪ್ಪಳ ಬಿಟ್ಟರೆ ಏನೂ ಇಲ್ಲ. ಸಾಹೇಬರ ಮುಖ ಅರಳಿತ್ತು. ಅದೇ ಹೊತ್ತಿಗೆ ನೀಲಕ್ಕ ಅಂದಿನ ಪೇಪರು ಬಿಚ್ಚಿದಳು, ಕೈ ನಿಂತುಬಿಟ್ಟಿತು. ಅಂದು ಆಕೆಯ ಪಕ್ಕದಲ್ಲೇ ಕೂತಿದ್ದ ನಾನು ಬಗ್ಗಿ ನೋಡಿದೆ. ಕಾಲುವೆ ರಿಪೇರಿ, ಇವತ್ತು ಮಧ್ಯಾಹ್ನದಿಂದ ನೀರು ಬಂದ್, ಮತ್ತೆ ಯಾವಾಗ ಅಂತ ಹೇಳಿರಲಿಲ್ಲ. ಹೊಲದಲ್ಲಿ ಗೋವಿನಜೋಳ ತೆನೆ ಹಿಡಿದು ನಿಂತಿತ್ತು. ಕಾಕಾನ ಕಿವಿಯಲ್ಲಿ ಪಿಸುಗುಟ್ಟಿದರೆ ಅವನಿಗೆ ಕೇಳುವುದಿಲ್ಲ. ಆಕೆ ಸಾಹೇಬರನ್ನು ನೋಡಿದಳು, ಗೋಡೆಗಳನ್ನು ನೋಡಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

ಎದ್ದು ನಿಂತು ಓದಿದಳು, ಎಂದಿನ ದನಿಯಲ್ಲೇ.

ಪುಸ್ತಕಗಳು ಬೆಂಚಿನ ಮೇಲೆ ಬಿದ್ದವು, ಕೋಣೆ ಖಾಲಿಯಾಯಿತು.

"ಇದೇನ್ರೀ, ಎಲ್ಲಾರೂ ಎದ್ದು ಹೋದ್ರು?" ಅಂದರು ಸಾಹೇಬರು.

"ನೀರ ನಿಲ್ಲೂದ್ರಾಗ ಹೊಲಕ್ಕ ಹಾಯಸಾಕ ಹೋದ್ರರಿ. ಅವರಿಗೆ ಓದಾಕ ಬರಂಗಿಲ್ರಿ. ಅದಕ್ಕನ ಈ ಕೋಣಿ ಕಟ್ಯಾರ" ಅಂದಳು ನೀಲಕ್ಕ.

ಓದುಗರಿಲ್ಲ ಅಂತ ಬರೆದುಕೊಂಡು ಹೋದರು ಅವರು. ಪಾಪ, ಕಂಡದ್ದನ್ನು ಬರೆದರು, ಆದರೂ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಬೆಳೆ ಉಳಿಯಿತು, ಕೋಣೆಗೆ ಕೀಲಿ ಬಿತ್ತು. ಮರುದಿನ ನೀಲಕ್ಕ ಆ ಕೀಲಿಗೆ ಚೀಲ ತೂಗುಹಾಕಿ, ಹೊರಗಿನ ಕಟ್ಟೆಯ ಮೇಲೆ ಪೇಪರು ಬಿಚ್ಚಿದಳು. ಮಂದಿ ಅಲ್ಲಿಗೇ ಬಂದರು. ಮಳೆಯಿದ್ದರೆ ತಲೆಗೆ ಗೊಬ್ಬರದ ಚೀಲ ಹೊದ್ದು ಕೇಳುತ್ತಿದ್ದರು.

ಹೋದ ಬೇಸಿಗೆಯಲ್ಲಿ ಆಕೆ ತೀರಿಕೊಂಡಳು. ಮಣ್ಣು ಕೊಟ್ಟು ಬಂದ ಮರುದಿನ ಕಟ್ಟೆಯ ಹತ್ತಿರ ಎಲ್ಲರೂ ಬಂದು ನಿಂತಿದ್ದರು. ಪೇಪರು ಸುರುಳಿ ಸುತ್ತಿಕೊಂಡೇ ಬಿದ್ದಿತ್ತು. ಗಂಗಪ್ಪ ಕಾಕಾ ಅದನ್ನು ಎತ್ತಿ ನನ್ನ ಕೈಯಲ್ಲಿಟ್ಟ. ನಾನು ಸಣ್ಣ ದನಿಯಲ್ಲಿ ಓದತೊಡಗಿದೆ. ಕಾಕಾ ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದ.

"ಕೇಳವಲ್ದು, ತಂಗಿ. ಜೋರ ಓದ."