ಗೋಡೆ ಮೇಲಿನ ಗೌಡ್ತಿ

ಕುಂದೂರು ಕಡೆಯ ನಮ್ಮೂರ ಹಾಲಿನ ಡೈರಿಯಲ್ಲಿ ಒಬ್ಬರು ಸೆಕ್ರೆಟರಿ ಇದ್ದರು. ಹಾಲಿಗೆ ನೀರು ಬೆರೆಸಿದವರನ್ನು ಅವರು ಎಂದೂ ಬೈದವರಲ್ಲ. ಅವರ ಹಿಂದಿನ ಗೋಡೆಯಲ್ಲಿ ಯಾವುದೋ ಎಸ್ಟೇಟ್ ಬಂಗಲೆಯಿಂದ ಬಂದ ಹಳೆಯ ಚಿತ್ರವೊಂದಿತ್ತು. ಹಾಲಿನ ಕೊಡವನ್ನು ಸೊಂಟಕ್ಕಿಟ್ಟುಕೊಂಡು ನಮ್ಮನ್ನೇ ದಿಟ್ಟಿಸುವ ದಪ್ಪ ತೋಳಿನ ಹೆಂಗಸು. ಹಾಲಿಗೆ ಬಿಟ್ಟ ಲ್ಯಾಕ್ಟೋಮೀಟರ್ ಆಳಕ್ಕಿಳಿದರೆ ನೀರು ಬೆರೆತಿದೆ ಎಂದರ್ಥ. ಆಗ ಅವರು ಕನ್ನಡಕ ಹಣೆಗೇರಿಸಿ, ಅವಳತ್ತ ಕಿವಿಗೊಟ್ಟು, ರಾಗವಾಗಿ ಹಾಡುತ್ತಿದ್ದರು:

"ಗೋಡೆ ಮೇಲಿನ ಗೌಡ್ತಿ ಕೇಳ್ತಾಳೆ, ಯಾಕೋ ಇಷ್ಟು ತೆಳು?
ಹಸು ಹಿಂಡಿದ್ಯೋ, ಬಾವಿ ಹಿಂಡಿದ್ಯೋ, ಸತ್ಯವಾಗಿ ಹೇಳು."

ಸಿಕ್ಕಿಬಿದ್ದವನು ಮುಖ ಊದಿಸಿಕೊಂಡರೆ, "ನಾನೇನೂ ಅಂದಿಲ್ಲ ಮಾರಾಯ, ಅವ್ಳು ಅಂದಿದ್ದು" ಎನ್ನುತ್ತಿದ್ದರು. ಆ ಪದ್ಯಕ್ಕೆ ಹೆದರಿ ನಮ್ಮವ್ವ ತೊಳೆದ ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿ ಒಣಗಿಸುತ್ತಿದ್ದಳು.

ಒಂದು ಬೆಳಿಗ್ಗೆ ಅವರ ಹೆಂಡತಿಯೇ ತಂದ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಕಲ್ಲಿನಂತೆ ಇಳಿಯಿತು. ನಾವೆಲ್ಲ ಪದ್ಯಕ್ಕಾಗಿ ಕಾದೆವು. ಕನ್ನಡಕವೇನೋ ಹಣೆಗೇರಿತು. ಅವರು ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಯಾಕೋ ಇವತ್ತು ಅವ್ಳಿಗೆ ಗಂಟಲು ಕಟ್ಟೈತೆ" ಎಂದು ಹಾಲನ್ನು ವಾಪಸ್ ಕ್ಯಾನಿಗೆ ಸುರಿದರು.

"ನಂಗೆ ಕೇಳಿಸ್ತೈತೆ ಬುಡಿ" ಎಂದ ಹೆಂಡತಿ, ಸೆರಗು ಸಿಕ್ಕಿಸಿಕೊಂಡು ಅದೇ ರಾಗದಲ್ಲಿ ಶುರುಮಾಡಿದರು:

"ಸೆಕ್ರೆಟ್ರಿ ಗಟ್ಟಿ ಹಾಲಿನ ಕಾಫಿ ಮೂರು ಲೋಟ ಕುಡ್ದ,
ಕ್ಯಾನು ತುಂಬ್ದೆ ಇದ್ರೆ ನೀರು ಹುಯ್ಯಿ ಅಂತ ಹೇಳಿ ನಡ್ದ."

ಆಮೇಲೆ ಕ್ಯಾನ್ ಎತ್ತಿಕೊಂಡು, "ನಾನೇನೂ ಅಂದಿಲ್ಲ ಕಣ್ರೀ, ಅವ್ಳು ಅಂದಿದ್ದು" ಎಂದು ಹೊರಟರು.

ಮರುದಿನ ಚಿತ್ರದ ಮೇಲೆ ಟವೆಲ್ ಹೊದಿಸಿತ್ತು. ಯಾಕೆಂದು ಕೇಳಿದೆ.

"ಅವ್ಳಿಗೆ ಚಳಿ ಮಾರಾಯ" ಎಂದರು.